ತಗಡಿನ ಗೋಡೆಗೆ ತಾಮ್ರದ ಹೆಸರು

ಅಕ್ಕ ತೀರಿಕೊಂಡು ವರ್ಷ ತುಂಬುವ ಮೊದಲೇ ಭಾವ ಅವಳನ್ನೊಂದು ನಗೆಹನಿ ಮಾಡಿ, ಸಭಾಂಗಣದ ತುಂಬ ಕೂತಿದ್ದವರ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು. ಆ ಚಪ್ಪಾಳೆ ನನ್ನ ಕಿವಿಯಿಂದ ಇಳಿಯಲು ಬಹಳ ಕಾಲ ಹಿಡಿಯಿತು. ಅದನ್ನು ಹೇಗೆ ಇಳಿಸಿಕೊಂಡೆ ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ. ಮನಸ್ಸು ಕರಗಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ನನ್ನ ಮನಸ್ಸು ಕರಗಿಲ್ಲ.

ಭಾವ ಅಂದರೆ ಅಕ್ಕನ ಗಂಡ, ದೊಡ್ಡ ವಾಸ್ತುಶಿಲ್ಪಿ. ಕಟ್ಟಡ ವಿನ್ಯಾಸ ಕಲಿಸುವ ಕಾಲೇಜಿನ ಮುಖ್ಯಸ್ಥರೂ ಹೌದು. ಅವರು ನಿವೃತ್ತರಾಗುವ ಹೊತ್ತಿಗೆ ಕಾಲೇಜಿನ ಅಂಗಳದಲ್ಲಿ ಒಂದು ಹೊಸ ಕಾರ್ಯಾಗಾರ ಕಟ್ಟಿ, ಅದಕ್ಕೆ ಅವರ ಹೆಸರನ್ನೇ ಇಡಬೇಕೆಂದು ಆಡಳಿತ ಸಮಿತಿ ತೀರ್ಮಾನಿಸಿತ್ತು. ಅದರ ಮುಂದಿನ ಗೋಡೆ ಪೂರ್ತಿ ಸತು ಲೇಪಿಸಿದ ಉಕ್ಕಿನ ತಗಡು. ಬಣ್ಣ ಬಳಿಯುವಂತಿಲ್ಲ, ಹೊಳಪು ಕೊಡುವಂತಿಲ್ಲ, ಸತುವಿನ ತೊಟ್ಟಿಯಿಂದ ಎದ್ದು ಬಂದ ಮೈಯಲ್ಲೇ ನಿಲ್ಲಬೇಕು. ನಕ್ಷೆಯನ್ನು ಎಲ್ಲರಿಗೂ ತೋರಿಸಿದ ದಿನ ಭಾವ ಮೈಕ್ ಮುಂದೆ ನಿಂತು, ಬಡವರ ಮನೆಯ ಸೂರು ಎಂದು ಜನ ಮೂಗು ಮುರಿಯುವ ಈ ತಗಡಿನಲ್ಲಿ ತಮಗೆ ಮೊದಲಿನಿಂದಲೂ ಹೇಗೆ ಸೌಂದರ್ಯ ಕಂಡಿತ್ತು ಅನ್ನುವುದನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ವಿವರಿಸಿದರು. ಆಮೇಲೆ ಸ್ವಲ್ಪ ನಕ್ಕು ಹೇಳಿದರು:

"ಪಾಪ, ನನ್ನ ಹೆಂಡತಿಗೆ ತಗಡು ಅಂದ್ರೆ ಆಗ್ತಿರ್ಲಿಲ್ಲ. ಈ ಗೋಡೆ ನೋಡಿದ್ದಿದ್ರೆ, ಏನ್ರೀ ಇದು, ಬಕೆಟ್ ಬಿಚ್ಚಿ ಗೋಡೆ ಮಾಡಿದ್ದೀರಾ ಅಂತ ಕೇಳ್ತಿದ್ಲು."

ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಅಮ್ಮ ಕೂತಿದ್ದಳು. ಅಮ್ಮನ ಕಿವಿ ಬಹಳ ಚುರುಕು, ಎರಡು ಕೋಣೆ ಆಚೆ ಹಾಲು ಉಕ್ಕಲು ಹೊರಟಿದ್ದೂ ಅವಳಿಗೆ ಕೇಳಿಸುತ್ತದೆ. ಅವಳು ನಗಲೂ ಇಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಮಡಿಲಿನ ಮೇಲಿದ್ದ ಕೈಚೀಲದ ಜಿಪ್ ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು.

ಆ ಬಕೆಟ್ ಮಾತು ಭಾವನದೇ. ಅದನ್ನು ಅವರು ಆಡಿದಾಗ ನಾನು ಎದುರಿಗೇ ಇದ್ದೆ.

ನಮ್ಮದು ಸತು ಲೇಪಿಸುವ ಕಾರ್ಖಾನೆ. ಅಪ್ಪ ಬಕೆಟ್, ತೊಟ್ಟಿ, ನೀರಿನ ಪೈಪುಗಳಿಂದ ಶುರು ಮಾಡಿದ್ದು. ಅವನ ನಂತರ ನಾನು ನಡೆಸುತ್ತಿದ್ದೇನೆ. ಉಕ್ಕನ್ನು ಆಸಿಡ್‌ನಲ್ಲಿ ತೊಳೆದು, ಕರಗಿದ ಸತುವಿನ ತೊಟ್ಟಿಗೆ ಇಳಿಸಿ ಎತ್ತುವುದು, ಅಷ್ಟೇ ನಮ್ಮ ಕೆಲಸ. ನನಗೆ ಅದು ಹೊಟ್ಟೆಪಾಡು. ಅಕ್ಕನಿಗೆ ಹಾಗಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಅಂಗಳದಲ್ಲಿ ಆಡುವಾಗ ನಾನು ಬಕೆಟ್ ಮಗುಚಿ ಬಡಿಯುತ್ತಿದ್ದರೆ ಅವಳು ಬಕೆಟ್‌ನ ಮೈಗೆ ಮೂಗು ತಾಗಿಸಿ ಹೂ ನೋಡುತ್ತಿದ್ದಳು. ಸತು ಆರುವಾಗ ತಗಡಿನ ಮೇಲೆ ಹರಳು ಕಟ್ಟುತ್ತದೆ, ಅದನ್ನು ನಮ್ಮಲ್ಲಿ ಹೂ ಅನ್ನುತ್ತೇವೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಬಿಸಿ ತಗಡನ್ನು ನೀರಿಗೆ ಅದ್ದಿದರೆ ಹೂ ಸಣ್ಣದು, ಗಾಳಿಯಲ್ಲಿ ತನ್ನ ಪಾಡಿಗೆ ಆರಲು ಬಿಟ್ಟರೆ ಅಂಗೈಯಗಲ. ಹೊಸದರಲ್ಲಿ ಕಣ್ಣು ಕೋರೈಸುತ್ತದೆ, ಬರಬರುತ್ತ ಬೂದು ಬಣ್ಣಕ್ಕೆ ತಿರುಗುತ್ತದೆ. ಎಲ್ಲರೂ ಆ ಬೂದನ್ನು ಹಳತಾಯಿತು ಅಂದರೆ ಅಕ್ಕ ಮಾತ್ರ ಈಗ ಬೆಳೆಯಿತು ಅನ್ನುತ್ತಿದ್ದಳು. ಇದು ಸ್ವಂತ ಬಣ್ಣ ಇಟ್ಟುಕೊಳ್ಳದ ಲೋಹ, ಬೆಳಗ್ಗೆ ಆಕಾಶದ್ದು ಸಂಜೆ ಬೀದಿಯದು ಕೇಳಿ ತಂದು ಉಡುತ್ತದೆ ಎಂದು ಅವಳು ಹೇಳಿದರೆ, ಇವಳಿಗೆ ತಲೆ ಕೆಟ್ಟಿದೆ ಎಂದು ನಾನು ನಗುತ್ತಿದ್ದೆ.

ಮದುವೆಯಾದ ಹೊಸತರಲ್ಲಿ ಅವಳು ಭಾವನನ್ನು ಕಾರ್ಖಾನೆಗೆ ಕರೆದುಕೊಂಡು ಬಂದಳು. ಆಗಷ್ಟೇ ಆರಿದ ಒಂದು ದೊಡ್ಡ ತಗಡಿನ ಮುಂದೆ ನಿಲ್ಲಿಸಿ, ಇದರಲ್ಲಿ ಮನೆ ಕಟ್ಟಬಹುದು, ಆದರೆ ಎರಡು ಮಾತು ನೆನಪಿಡಬೇಕು ಅಂದಳು. ಒದ್ದೆ ತಗಡನ್ನು ಒಂದರ ಮೇಲೊಂದು ಪೇರಿಸಬಾರದು, ಬಿಳಿ ಬೂಷ್ಟು ಹಿಡಿಯುತ್ತದೆ. ಎರಡನೆಯದು, ತಾಮ್ರದ ಮೇಲಿಂದ ಇಳಿದ ನೀರು ಇದರ ಮೇಲೆ ಬೀಳಬಾರದು, ತಾಮ್ರ ಸತುವನ್ನು ತಿಂದುಹಾಕುತ್ತದೆ. ಎರಡನೆಯದನ್ನು ಅವಳು ಇನ್ನೂ ಹೇಳುತ್ತಿರುವಾಗಲೇ ಭಾವ, "ಏನು, ಬಕೆಟ್ ಬಿಚ್ಚಿ ಗೋಡೆ ಮಾಡ್ತೀಯಾ?" ಎಂದು ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಕ್ಕರು. ಕೆಲಸದವರೂ ಮರ್ಯಾದೆಗೆ ನಕ್ಕರು. ಅಕ್ಕ ಮನೆಗೆ ಬಂದು ಇದನ್ನೆಲ್ಲ ಅಮ್ಮನಿಗೆ ಹೇಳಿದಳು, ನಗುತ್ತಲೇ ಹೇಳಿದಳು. ಅಂದಿನಿಂದ ಭಾವ ನನ್ನನ್ನು ಕರೆಯುವುದೇ "ಏನಮ್ಮ, ಬಕೆಟ್ ಕಂಪನಿ" ಎಂದು.

ಆಮೇಲೆ ಭಾವನ ಕಚೇರಿಯಲ್ಲಿ ಕಟ್ಟಡಗಳ ನಕ್ಷೆಗೆ ಅಕ್ಕ ಗೆರೆ ಎಳೆದಳು, ಇವರು ಸಹಿ ಹಾಕಿದರು. ತಗಡು ಅವರ ಹೆಗ್ಗುರುತಾಯಿತು. ಈ ಕಾರ್ಯಾಗಾರದ ಗೋಡೆಯನ್ನು ಅವಳು ಕಾಯಿಲೆ ಬಿದ್ದ ಮೇಲೆ, ಹಾಸಿಗೆಯಲ್ಲಿ ಒರಗಿಕೊಂಡು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೆದಳು. ಉದ್ದುದ್ದ ತಗಡುಗಳು, ಪ್ರತಿಯೊಂದೂ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಓರೆ. ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗಬೇಕು. ಮಾದರಿಗಳನ್ನು ನಮ್ಮ ತೊಟ್ಟಿಯಲ್ಲೇ ಅದ್ದಿ, ಅವಳ ಮಂಚದ ಬಳಿಗೆ ನಾನೇ ಹೊತ್ತೊಯ್ದು ತೋರಿಸಿದ್ದೆ. ಕೊನೆಯದನ್ನು ನೋಡಿ ಅವಳು, ಇದು ಗೋಡೆಯಾಗಿ ನಿಂತಾಗ ನೋಡಬೇಕು ಕಣೇ ಅಂದಳು. ನೋಡಲಿಲ್ಲ. ಅವಳು ಬಿಟ್ಟುಹೋದದ್ದು ಅದೊಂದೇ, ಅದನ್ನೂ ಭಾವ ತಮ್ಮದು ಅಂದರು. ಅದೂ ಸಾಲದೆಂದು ಅವಳಿಗೆ ಅದರ ಬೆಲೆಯೇ ಗೊತ್ತಿರಲಿಲ್ಲ ಅಂದರು. ಮೊದಲನೆಯದನ್ನು ನುಂಗಿಕೊಳ್ಳುತ್ತಿದ್ದೆನೇನೋ. ಎರಡನೆಯದಕ್ಕೆ ಮೈಯೆಲ್ಲ ಉರಿದುಹೋಯಿತು.

ಆ ದಿನ ಮನೆಗೆ ಬಂದು ಕೂಗಾಡಿದೆ. ಪತ್ರಿಕೆಗೆ ಹೋಗುತ್ತೇನೆ, ಕಾಲೇಜಿನ ಬಾಗಿಲಲ್ಲಿ ನಿಂತು ಹೇಳುತ್ತೇನೆ ಅಂದೆ. ಅಮ್ಮ, ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಅಂಟುವುದಿಲ್ಲ ಅಂದಳು. ಹೇಳಿದರೂ ಯಾರು ನಂಬುತ್ತಾರೆ, ನಾದಿನಿಯ ಹೊಟ್ಟೆಕಿಚ್ಚು ಅನ್ನುತ್ತಾರೆ ಅಂದಳು. ಅದೂ ನಿಜವೇ. ಹಲ್ಲು ಕಚ್ಚಿಕೊಂಡು ಸುಮ್ಮನಾದೆ.

ಕೆಲವು ತಿಂಗಳಲ್ಲಿ ಕೆಲಸ ನಮಗೇ ಬಂತು. ಅಷ್ಟು ಉದ್ದದ ತಗಡು ಹಿಡಿಯುವ ತೊಟ್ಟಿ ಸುತ್ತಮುತ್ತ ಇನ್ನೆಲ್ಲೂ ಇರಲಿಲ್ಲ. ಗುತ್ತಿಗೆದಾರ ತಂದುಕೊಟ್ಟ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಾನೂ ನಮ್ಮ ಮೇಸ್ತ್ರಿಯೂ ನೋಡಿದೆವು. ಅಕ್ಕನ ಗೆರೆಗಳೇ, ಒಂದೂ ಬದಲಾಗಿರಲಿಲ್ಲ. ಒಂದೇ ಒಂದನ್ನು ಭಾವ ತಾವಾಗಿ ಸೇರಿಸಿದ್ದರು. ಗೋಡೆಯ ನೆತ್ತಿಯ ಮೇಲೆ, ಈ ತುದಿಯಿಂದ ಆ ತುದಿಗೆ, ಆಳೆತ್ತರದ ಅಕ್ಷರಗಳಲ್ಲಿ ಅವರ ಹೆಸರು. ಪಕ್ಕದಲ್ಲಿ ಅವರ ಕೈಬರಹದಲ್ಲೇ ಟಿಪ್ಪಣಿ: ಅಕ್ಷರಗಳು ಶುದ್ಧ ತಾಮ್ರದವು, ಬೂದು ಗೋಡೆಗೆ ಬೆಚ್ಚನೆಯ ಬಣ್ಣ ಬೇಕು.

ಮೇಸ್ತ್ರಿ ಅಪ್ಪನ ಕಾಲದವನು, ನಮ್ಮಿಬ್ಬರನ್ನೂ ಎತ್ತಿ ಆಡಿಸಿದವನು. ತಾಮ್ರ ಅನ್ನುವ ಮಾತಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ.

"ಸಾಹೇಬ್ರಿಗೆ ಒಂದು ಫೋನ್ ಮಾಡಿ ಹೇಳಮ್ಮ."

"ಅವರು ಮೊದಲಿಂದ ತಗಡಿನಲ್ಲಿ ಸೌಂದರ್ಯ ಕಂಡವರು," ಅಂದೆ. "ನಾನು ಬಕೆಟ್ ಕಂಪನಿ. ನಾನೇನು ಹೇಳ್ಲಿ?"

ಅವನು ನಕ್ಷೆ ಸುತ್ತಿಟ್ಟ. ದೊಡ್ಡಮ್ಮನ ಗೋಡೆಯಮ್ಮಾ ಅದು, ಎಂದಷ್ಟೇ ಹೇಳಿ ತೊಟ್ಟಿಯ ಕಡೆ ನಡೆದ. ದೊಡ್ಡಮ್ಮ ಅಂದರೆ ಅವನ ಬಾಯಲ್ಲಿ ಅಕ್ಕ.

ಅದು ನನಗೆ ಗೊತ್ತಿರಲಿಲ್ಲವೇ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ಇಲ್ಲಿ ಕೋಲು ಮುರಿಯದೆ ಹಾವು ಸಾಯುವಂತಿರಲಿಲ್ಲ. ಭಾವನ ಹೆಸರು ಕೆಡಬೇಕಾದರೆ ಅಕ್ಕನ ಗೋಡೆ ಕೆಡಬೇಕು. ಫೋನನ್ನು ಹಲವು ಸಲ ಕೈಗೆ ತೆಗೆದುಕೊಂಡೆ. ಪ್ರತಿ ಸಲವೂ ಆ ನಗು ಕೇಳಿಸಿತು, ಅಮ್ಮನ ಕೈಚೀಲದ ಜಿಪ್ಪಿನ ಸದ್ದು ಕೇಳಿಸಿತು, ಕೆಳಗಿಟ್ಟೆ. ಅಕ್ಕನಿಗೆ ಮನಸ್ಸಿನಲ್ಲೇ ಹೇಳಿದೆ: ನಿನ್ನ ಗೋಡೆಯನ್ನು ನಿನ್ನ ಪರವಾಗಿ ಖರ್ಚು ಮಾಡುತ್ತಿದ್ದೇನೆ, ಬೈದುಕೋ.

ಆದರೆ ಕೆಲಸದಲ್ಲಿ ಕೈ ಕಡಿಮೆ ಮಾಡಲಿಲ್ಲ. ಅದನ್ನು ಯಾರು ಬೇಕಾದರೂ ನೋಡಲಿ. ಆಸಿಡ್ ಬದಲಿಸಿದೆ, ಕರಗಿದ ಸತುವಿನ ಮೇಲೆ ಕಟ್ಟುವ ಕಸದ ಕೆನೆಯನ್ನು ನಾನೇ ನಿಂತು ತೆಗೆಸಿದೆ, ಒಂದು ತಗಡನ್ನೂ ನೀರಿಗೆ ಅದ್ದಲು ಬಿಡದೆ ಗಾಳಿಯಲ್ಲಿ ಆರಿಸಿದೆ. ಅಂಥ ಹೂ ನಮ್ಮ ಅಂಗಳದಲ್ಲಿ ಹಿಂದೆ ಅರಳಿರಲಿಲ್ಲ. ಮೇಸ್ತ್ರಿ ಒಂದೊಂದನ್ನೂ ಒರೆಸಿ, ಮಧ್ಯೆ ಕಟ್ಟಿಗೆ ಇಟ್ಟು, ಮಗುವನ್ನು ಮಲಗಿಸಿದ ಹಾಗೆ ಲಾರಿಗೆ ಏರಿಸಿದ.

ಗೋಡೆ ನಿಂತಿತು. ಎಷ್ಟು ಚೆನ್ನಾಗಿತ್ತೆಂದು ಹೇಳಲೇಬೇಕು, ಇಲ್ಲದಿದ್ದರೆ ನಾನು ಏನನ್ನು ಕೆಡಲು ಬಿಟ್ಟೆ ಅನ್ನುವುದು ನಿಮಗೆ ತಿಳಿಯುವುದಿಲ್ಲ. ಬೆಳಗ್ಗೆ ಅದರ ಮುಂದೆ ನಿಂತರೆ ಬೆಳಕು ಒಂದು ತಗಡಿನಿಂದ ಮುಂದಿನದಕ್ಕೆ ಕಾಲಿಟ್ಟು ಕಾಲಿಟ್ಟು ಸಾಗುವುದು ಕಾಣುತ್ತಿತ್ತು. ಮೋಡ ಬಂದರೆ ಗೋಡೆ ಮೆತ್ತಗಾಗುತ್ತಿತ್ತು. ಕೆಂಪು ಬಸ್ಸು ಬೀದಿಯಲ್ಲಿ ಹೋದರೆ ಆ ಕೆಂಪು ಹೂಗಳೊಳಗೆ ಚೂರುಚೂರಾಗಿ ಹಾದು ಹೋಗುತ್ತಿತ್ತು. ಕೆಲಸಕ್ಕೆ ಹೋಗುವ ಮುಂಚೆ ದಾರಿ ಬಳಸಿ ಬಂದು ನೋಡಿ ಹೋಗುತ್ತಿದ್ದೆ. ಅಮ್ಮನನ್ನೂ ಒಂದು ಸಲ ಕರೆತಂದೆ. ಅವಳು ಮುಂದೆ ಹೋಗಿ, ಅಂಗೈ ಇಟ್ಟು, ತುಂಬ ಹೊತ್ತು ಹಾಗೇ ನಿಂತಳು. ತಲೆಯ ಮೇಲೆ ತಾಮ್ರದ ಅಕ್ಷರಗಳು ಧಗಧಗ ಹೊಳೆಯುತ್ತಿದ್ದವು.

ಆಮೇಲೆ ಮಳೆಗಾಲ ಬಂತು. ಮೊದಲ ವರ್ಷ ಅಕ್ಷರಗಳ ಬುಡದಲ್ಲಿ ಕಣ್ಣಿಗೆ ಕಾಡಿಗೆ ಹಚ್ಚಿದಷ್ಟು ಕಪ್ಪು. ಮುಂದಿನ ಮಳೆಗಾಲಕ್ಕೆ ಆ ಕಪ್ಪು ಜಾರಿ ಕೆಳಗೆ ಇಳಿಯಿತು, ಇಳಿದಲ್ಲೆಲ್ಲ ಸತು ಸವೆದು ಉಕ್ಕು ಕಾಣಿಸಿಕೊಂಡಿತು, ಉಕ್ಕು ತುಕ್ಕು ಹಿಡಿಯಿತು. ಪ್ರತಿ ಅಕ್ಷರದಿಂದಲೂ ಒಂದೊಂದು ಕಂದು ಧಾರೆ. ಹುಡುಗರು ಕಟ್ಟಡದ ಹೆಸರನ್ನೇ ಬದಲಿಸಿ ‘ಅಳುಬುರುಕ ಮೇಷ್ಟ್ರು’ ಎಂದು ಕರೆಯತೊಡಗಿದರು. ನನಗೆ ಅನ್ನ ರುಚಿಸತೊಡಗಿತು.

ಆ ರುಚಿ ಬಹಳ ದಿನ ಉಳಿಯಲಿಲ್ಲ. ಭಾವ ಸಮಿತಿಗೆ, ತಗಡು ಅದ್ದಿದ್ದೇ ಸರಿಯಿಲ್ಲ, ಸಂಬಂಧಿಕರೆಂದು ದಾಕ್ಷಿಣ್ಯಕ್ಕೆ ಕೆಲಸ ಕೊಟ್ಟದ್ದು ತಮ್ಮ ತಪ್ಪು ಎಂದು ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾತು ಊರೆಲ್ಲ ಹರಡಿತು. ಸೇತುವೆಯ ಕಟಕಟೆ ಅದ್ದಲು ಕೊಟ್ಟವರು ವಾಪಸು ಕೇಳಿದರು. ದೀಪದ ಕಂಬದವರು ಫೋನ್ ಎತ್ತುವುದನ್ನೇ ಬಿಟ್ಟರು. ಮೇಸ್ತ್ರಿ ತೊಟ್ಟಿಯ ಪಕ್ಕ ಕೈಕಟ್ಟಿ ಕೂತ. ಅಕ್ಕನ ಹೆಸರಿನ ಮೇಲೆ ಕೂತಿದ್ದವರು ಈಗ ಅಪ್ಪನ ಹೆಸರಿನ ಮೇಲೂ ಕಾಲು ಚಾಚಿದರು.

ಅಮ್ಮ ಊಟಕ್ಕೆ ಬಡಿಸುತ್ತ, ನಮ್ಮ ಕೆಲಸ ಕೆಟ್ಟಿತ್ತಾ ಎಂದು ಕೇಳಿದಳು. ಇಲ್ಲ ಅಂದೆ, ತಾಮ್ರದ ವಿಷಯ ಹೇಳಿದೆ. ನಾನು ತಿಳಿದೂ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೌಟು ಕೆಳಗಿಟ್ಟಳು.

"ನಿಮ್ಮಕ್ಕ ನನಗೂ ಹೇಳಿದ್ಲಲ್ಲೇ. ನಾನು ತಾಮ್ರದ ಚೊಂಬನ್ನ ನಮ್ಮ ಬಕೆಟ್‌ನ ನೀರಲ್ಲೇ ಬಿಟ್ಟು, ತಳ ತೂತು ಬಿದ್ದಾಗ. ಎಷ್ಟು ಜಗಳ ಮಾಡಿದ್ಲು. ಓದು ಬರಹ ಇಲ್ದಿರೋ ನನಗೆ ನೆನಪಿದೆ."

ಆಮೇಲೆ, ಸಮಿತಿಯವರನ್ನು ಗೋಡೆಯ ಹತ್ತಿರವೇ ಕರೆಸು, ಕೋಣೆಯಲ್ಲಿ ಕೂತು ಮಾತಾಡಬೇಡ, ಕೋಣೆಯಲ್ಲಿ ಅವರ ಮಾತೇ ಗೆಲ್ಲುತ್ತದೆ ಎಂದು ಬುದ್ಧಿ ಹೇಳಿದಳು.

ಸಮಿತಿಯ ಅಧ್ಯಕ್ಷೆ ನ್ಯಾಯಾಧೀಶೆಯಾಗಿದ್ದು ನಿವೃತ್ತರಾದವರು. ಕಡಿಮೆ ಮಾತಿನ ಹೆಂಗಸು. ಗೋಡೆಯ ಮುಂದೆ ಏಣಿ ಹಾಕಿಸಿ, ಲೇಪದ ದಪ್ಪ ಅಳೆಯುವ ನಮ್ಮ ಮೀಟರನ್ನು ನಾನು ಅವರ ಕೈಗೇ ಕೊಟ್ಟೆ. ನಾನು ಮುಟ್ಟುವುದಿಲ್ಲ, ನಿಮಗೆ ಬೇಕಾದಲ್ಲಿ ಇಟ್ಟು ನೋಡಿ ಅಂದೆ. ಅವರು ಕನ್ನಡಕ ಏರಿಸಿಕೊಂಡು ಏಣಿ ಹತ್ತಿಯೇ ಬಿಟ್ಟರು. ಅಕ್ಷರದ ಕೆಳಗೆ ಇಟ್ಟರೆ ಲೇಪವೇ ಇಲ್ಲ. ಭಾವನ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಬಿಟ್ಟಿದ್ದ ಖಾಲಿ ಜಾಗದ ಕೆಳಗೆ ಇಟ್ಟರೆ, ನಾವು ಒಪ್ಪಿಕೊಂಡದ್ದಕ್ಕಿಂತಲೂ ದಪ್ಪ. ಅಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಕಲೆಯೂ ಇರಲಿಲ್ಲ, ಹೂ ಹಾಗೇ ಅರಳಿಕೊಂಡಿತ್ತು. ಅವರು ಇಳಿದು ಬಂದು, ಒಂದೇ ತಗಡು, ಒಂದೇ ಮಳೆ, ಇಲ್ಲಿ ಹಾಗೆ ಅಲ್ಲಿ ಹೀಗೆ ಯಾಕೆ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಭಾವ ಮುಂದೆ ಬಂದರು. "ನೋಡಿ, ಇದಕ್ಕೂ ತಾಮ್ರಕ್ಕೂ ಏನೂ ಸಂಬಂಧ ಇಲ್ಲ."

ಅಲ್ಲಿಯವರೆಗೆ ಯಾರೂ ತಾಮ್ರದ ಹೆಸರೆತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಧ್ಯಕ್ಷೆ ನಿಧಾನವಾಗಿ ತಲೆಯೆತ್ತಿ ಅಕ್ಷರಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ತಾಮ್ರದ ಸಂಬಂಧ ಏನಮ್ಮ ಎಂದು ಕೇಳಿದರು. ಹೇಳಿದೆ. ತಗಡಿನ ಕೆಲಸಕ್ಕೆ ಕೈ ಹಾಕುವವರು ಕಲಿಯುವ ಮೊದಲ ಪಾಠ ಇದು ಅಂದೆ. ಈ ಗೋಡೆ ಬರೆದವರಿಗೆ ಅದು ಚೆನ್ನಾಗಿ ಗೊತ್ತಿತ್ತು, ಮೇಲೆ ಹೆಸರು ಬರೆದವರಿಗೆ ಗೊತ್ತಿರಲಿಲ್ಲ, ಇಬ್ಬರೂ ಒಂದೇ ಅಲ್ಲ ಅಂದೆ. ಭಾವನ ಕಿವಿಯ ತುದಿ ಕೆಂಪಾಗಿತ್ತು.

ಅಕ್ಷರಗಳನ್ನು ಇಳಿಸಬೇಕು, ಕೆಟ್ಟ ತಗಡುಗಳನ್ನು ಮತ್ತೆ ಅದ್ದಿಸಬೇಕು ಎಂದು ತೀರ್ಮಾನವಾಯಿತು. ಎಲ್ಲರೂ ಹೋದ ಮೇಲೆ ಭಾವ ಏಣಿಯ ಹತ್ತಿರ ನನ್ನನ್ನು ನಿಲ್ಲಿಸಿದರು. ಆ ಹೊತ್ತಿನಲ್ಲಿ ಬಕೆಟ್ ಕಂಪನಿ ಅನ್ನಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಒಂದು ಮಾತು ಹೇಳಬಹುದಿತ್ತು."

"ಅಕ್ಕ ಹೇಳಿದ್ಲು ಭಾವ. ನಮ್ಮ ಕಾರ್ಖಾನೆಯಲ್ಲೇ, ತಗಡಿನ ಮುಂದೆ ನಿಲ್ಲಿಸ್ಕೊಂಡು ಹೇಳಿದ್ಲು. ಆಗ ನೀವು ನಿಮ್ಮ ಜೋಕಿಗೆ ನಗ್ತಾ ಇದ್ರಿ."

ಅವರ ಮುಖದಲ್ಲಿ ಏನೋ ಕದಲಿತು. ಆ ದಿನ ನೆನಪಾಯಿತೋ, ನೆನಪಿಲ್ಲವೆಂದು ನೆನಪಾಯಿತೋ, ನಾನು ವಿಚಾರಿಸಲಿಲ್ಲ. ನನ್ನ ಷರತ್ತು ಹೇಳಿದೆ. ತಗಡು ಅದ್ದಿಕೊಡುತ್ತೇನೆ. ಗೋಡೆ ಮತ್ತೆ ನಿಂತ ದಿನ, ಅದೇ ಸಭಾಂಗಣದಲ್ಲಿ, ಅದೇ ಮೈಕ್‌ನಲ್ಲಿ, ಗೋಡೆ ಯಾರದೆಂದು ನೀವು ಹೇಳಬೇಕು. ಇಲ್ಲವಾದರೆ ಬೇರೆ ತೊಟ್ಟಿ ಹುಡುಕಿಕೊಳ್ಳಿ. ಬೇರೆ ತೊಟ್ಟಿ ಇಲ್ಲವೆಂದು ಅವರಿಗೂ ಗೊತ್ತಿತ್ತು.

ತಗಡುಗಳು ಅಂಗಳಕ್ಕೆ ವಾಪಸು ಬಂದವು. ಮತ್ತೆ ಅದ್ದಬೇಕಾದರೆ ಹಳೆಯ ಸತುವನ್ನು ಪೂರ್ತಿ ಆಸಿಡ್‌ನಲ್ಲಿ ಕರಗಿಸಿ ತೆಗೆಯಬೇಕು. ಅಷ್ಟು ಆಸೆಯಿಂದ ಅರಳಿಸಿದ ಹೂಗಳು ನನ್ನ ಕಣ್ಣೆದುರೇ ನೊರೆಯಾಗಿ ಹೋದವು. ಅವತ್ತು ಮಾತ್ರ ಅತ್ತೆ. ಮೇಸ್ತ್ರಿ ನೋಡಿಯೂ ನೋಡದವನಂತೆ ಕ್ರೇನಿನ ಸರಪಳಿಗೆ ಎಣ್ಣೆ ಹಾಕುತ್ತಿದ್ದ. ಮತ್ತೆ ಅದ್ದಿದಾಗ ಹೂ ಬಂತು, ಆದರೆ ಆ ಹೂವಲ್ಲ. ಉಕ್ಕಿನ ಮೈ ಒರಟಾಗಿತ್ತು. ಅಕ್ಕನ ಗೋಡೆಯಲ್ಲಿ ಈಗಲೂ ದಿಟ್ಟಿಸಿ ನೋಡಿದರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಗೊತ್ತಾಗುತ್ತದೆ. ಇದರ ಪಾಪವನ್ನೂ ಭಾವನ ತಲೆಗೇ ಕಟ್ಟಿದ್ದೇನೆ, ನನ್ನ ಪಾಲು ಬೇರೆ ಮಾಡಲು ಹೋಗಿಲ್ಲ.

ಇಳಿಸಿದ ತಾಮ್ರದ ಅಕ್ಷರಗಳನ್ನು ಅವರ ಮನೆಗೆ ಕಳಿಸಿಕೊಟ್ಟೆ. ಚಿಕ್ಕ ಚೂರುಗಳನ್ನು ನಮ್ಮದೇ ಒಂದು ಹೊಸ ಬಕೆಟ್‌ನಲ್ಲಿ ತುಂಬಿಸಿ, ಬಕೆಟ್ ವಾಪಸು ಬೇಡ ಎಂದು ಹೇಳಿ ಕಳಿಸಿದೆ.

ಗೋಡೆ ಎರಡನೆಯ ಸಲ ನಿಂತ ದಿನ ಸಭಾಂಗಣ ಹಿಂದಿನ ಸಲಕ್ಕಿಂತ ಹೆಚ್ಚು ತುಂಬಿತ್ತು. ಅಮ್ಮ ಮುಂದಿನ ಸಾಲಿನಲ್ಲಿ, ಅದೇ ಕುರ್ಚಿಯಲ್ಲಿ ಕೂತಳು. ಭಾವ ಲೋಹಗಳ ಬಗ್ಗೆ, ಕಾಲದ ಬಗ್ಗೆ, ತಪ್ಪಿನಿಂದ ಕಲಿಯುವ ಬಗ್ಗೆ ಬಹಳ ಹೊತ್ತು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಗೆ, ಎಲ್ಲರೂ ಎದ್ದು ಹೊರಡುವ ಹೊತ್ತಿಗೆ, ಮೈಕಿನಿಂದ ಮುಖ ಸ್ವಲ್ಪ ಸರಿಸಿಕೊಂಡು, ಗೋಡೆಯ ವಿನ್ಯಾಸ ತಮ್ಮ ಹೆಂಡತಿಯದು ಎಂದು ಗಂಟಲಲ್ಲೇ ಅಂದು ಕಾಗದ ಮಡಿಚಿದರು. ಹಿಂದಿನ ಸಾಲುಗಳಿಗೆ ಅದು ಕೆಮ್ಮಿನಂತೆ ಕೇಳಿಸಿರಬೇಕು.

ಅಮ್ಮ ಎದ್ದು ನಿಂತಳು. ಕಿವಿಯ ಹಿಂದೆ ಕೈಯಿಟ್ಟಳು.

"ಕೇಳಿಸಲಿಲ್ಲ ಅಳಿಯಂದ್ರೇ. ವಯಸ್ಸಾಯ್ತು ನೋಡಿ. ಇನ್ನೊಂದ್ಸಲ ಹೇಳಿ."

ಎದ್ದವರೆಲ್ಲ ನಿಂತಲ್ಲೇ ನಿಂತರು. ಭಾವ ಅಧ್ಯಕ್ಷೆಯ ಕಡೆ ನೋಡಿದರು. ಅಧ್ಯಕ್ಷೆ ಮೈಕನ್ನು ಅವರ ಬಾಯಿಯ ಹತ್ತಿರಕ್ಕೆ ಸರಿಸಿದರು. ಈ ಸಲ ಅವರ ದನಿ ಸಭಾಂಗಣದ ಕೊನೆಯ ಗೋಡೆಗೆ ತಾಗಿ ವಾಪಸು ಬಂತು: "ಈ ಗೋಡೆ ನನ್ನ ಹೆಂಡತಿಯದು. ಪ್ರತಿ ಗೆರೆಯೂ ಅವಳದು."

ಅಮ್ಮ ಕೂರಲಿಲ್ಲ.

"ಹಾಗಾದ್ರೆ ಆ ಬಕೆಟ್ ಮಾತು? ಅದನ್ನ ಆಡಿದ್ದು ಯಾರು?"

ಇದು ನನ್ನ ಷರತ್ತಿನಲ್ಲಿ ಇರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ಭಾವ ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರ ಉಸಿರು ಮೈಕಿನಲ್ಲಿ ಕೇಳಿಸುತ್ತಿತ್ತು. ಹುಡುಗರೆಲ್ಲ ಅಮ್ಮನನ್ನೂ ಅವರನ್ನೂ ನೋಡುತ್ತಿದ್ದರು. ಅಮ್ಮ ಕಿವಿಯ ಹಿಂದಿನ ಕೈ ತೆಗೆಯಲಿಲ್ಲ.

"ನಾನು," ಅಂದರು.

ಯಾರೂ ನಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಮ್ಮ ಈಗ ಕೇಳಿಸಿತು ಎಂದು ಹೇಳಿ ಕೂತಳು, ಕೈಚೀಲದ ಜಿಪ್ ಎಳೆದು ಮುಚ್ಚಿದಳು. ಆಮೇಲೆ ನನ್ನ ಕಡೆ ಬಾಗಿ, ಆಚೆ ಕೈತೊಳೆಯುವ ಜಾಗದಲ್ಲಿ ಯಾವುದೋ ನಲ್ಲಿ ತೊಟ್ಟಿಕ್ಕುತ್ತಿದೆ, ಹೋಗುವಾಗ ಯಾರಿಗಾದರೂ ಹೇಳು ಅಂದಳು.